ಏಳು ಸುತ್ತಿನ ಊರನ್ನು ಓದುವ ಬಗೆ
ದುರ್ಗದ ಪೇಟೆಗಳೂ ವಿಯೆನ್ನಾದ ವಿಭಾಗಗಳೂ

ಹೊಸ ಊರೊಂದಕ್ಕೆ ಕಾಲಿಟ್ಟ ಪ್ರವಾಸಿಗೆ ಮೊದಲು ಎದುರಾಗುವ ತೊಡಕು ದಾರಿಯದಲ್ಲ, ಅರ್ಥದ್ದು. ಯಾವ ಬೀದಿ ಎಲ್ಲಿಗೆ ಹೋಗುತ್ತದೆಂದು ಯಾರನ್ನಾದರೂ ಕೇಳಿ ತಿಳಿಯಬಹುದು. ಆದರೆ ಆ ಬೀದಿ ಅಲ್ಲಿಯೇ ಏಕಿದೆ, ಒಂದು ಕೇರಿ ಮುಗಿದು ಇನ್ನೊಂದು ತೊಡಗುವ ಎಡೆ ಯಾವುದು ಎಂಬುದನ್ನು ಊರೇ ಹೇಳಬೇಕು. ಹಾಗೆ ಹೇಳಬಲ್ಲ ಊರುಗಳಲ್ಲಿ ಯುರೋಪಿನ ವಿಯೆನ್ನಾ ಒಂದು. ನಮ್ಮ ಚಿತ್ರದುರ್ಗ ಇನ್ನೊಂದು.

ವಿಯೆನ್ನಾ ಸುಮಾರು 20 ಲಕ್ಷ ಜನರ ಮಹಾನಗರ. ಆದರೂ ಅಲ್ಲಿ ಹೊಸಬನು ಬೇಗನೆ ದಿಕ್ಕು ಹಿಡಿಯುತ್ತಾನೆ. ನಗರವನ್ನು 23 ವಿಭಾಗಗಳಾಗಿ ಹಂಚಲಾಗಿದೆ. ಬೀದಿಯ ಹಲಗೆಯ ಮೇಲೆ ಹೆಸರಿಗೆ ಮೊದಲು ವಿಭಾಗದ ಅಂಕಿ ಇರುತ್ತದೆ. ನಡುವಿನ ಹಳೆಯ ಊರೇ ಒಂದನೆಯ ವಿಭಾಗ. ಅದನ್ನು ಬಳಸಿ ಒಳಗಿನ ವಿಭಾಗಗಳು, ಅವುಗಳಾಚೆಗೆ ಹೊರಗಿನವು. ಈ ಏರ್ಪಾಡು ಯಾವುದೋ ಕಚೇರಿಯಲ್ಲಿ ಗೆರೆ ಎಳೆದು ಹುಟ್ಟಿದ್ದಲ್ಲ. ಕೋಟೆಯ ಗೋಡೆಗಳಿಂದ ಹುಟ್ಟಿದ್ದು. 1529ರಲ್ಲಿಯೂ 1683ರಲ್ಲಿಯೂ ತುರ್ಕರ ಮುತ್ತಿಗೆಯನ್ನು ತಡೆದ ಆ ಗೋಡೆಯನ್ನು ಕೆಡವಲು ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1857ರಲ್ಲಿ ಅಪ್ಪಣೆ ಕೊಟ್ಟನು. ಗೋಡೆ ನಿಂತಿದ್ದ ಎಡೆಯಲ್ಲಿ ವಿಶಾಲವಾದ ವರ್ತುಲ ಬೀದಿ ಹರಡಿತು. 1865ರಲ್ಲಿ ಅದರ ಆರಂಭೋತ್ಸವ ನಡೆಯಿತು. 1704ರಲ್ಲಿ ಕಟ್ಟಿದ ಹೊರಗಿನ ರಕ್ಷಣೆಯ ಸಾಲು ಇದ್ದೆಡೆಯಲ್ಲಿ ಇಂದು ಇನ್ನೊಂದು ಹೆದ್ದಾರಿ ಊರನ್ನು ಬಳಸುತ್ತದೆ. ಗೋಡೆ ಹೋಯಿತು, ಅದರ ಗುರುತು ಉಳಿಯಿತು. ನಗರದ ನಡುವಣ ಒಂದು ಸಿರಿವಂತ ಬೀದಿಯ ಹೆಸರು ‘ಗ್ರಾಬೆನ್’, ಎಂದರೆ ಕಂದಕ. ‘ಷಾಟನ್‌ಟೋರ್’ ಎಂಬ ಟ್ರ್ಯಾಮ್ ನಿಲ್ದಾಣದ ಹೆಸರಿನಲ್ಲಿ ಬಾಗಿಲಿದೆ, ನೆಲದ ಮೇಲೆ ಬಾಗಿಲಿಲ್ಲ.

ಇದೇ ಕಣ್ಣಿನಿಂದ ದುರ್ಗವನ್ನು ನೋಡಬೇಕು. ಬಹುಮಂದಿ ಪ್ರವಾಸಿಗರು ಹೆದ್ದಾರಿಯಿಂದ ನೇರವಾಗಿ ಕೋಟೆಯ ಬಾಗಿಲಿಗೆ ಬಂದು, ಒನಕೆ ಓಬವ್ವನ ಕಿಂಡಿಯನ್ನು ನೋಡಿ, ಒಂದೆರಡು ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಅವರು ಬೆಟ್ಟವನ್ನು ಕಂಡಿರುತ್ತಾರೆ, ಊರನ್ನು ಕಂಡಿರುವುದಿಲ್ಲ. ಏಳು ಸುತ್ತಿನ ಕೋಟೆಯೆಂದರೆ ಬೆಟ್ಟವೊಂದೇ ಅಲ್ಲ. ಒಳಗಿನ ಸುತ್ತುಗಳು ಬಂಡೆಗಳ ನಡುವೆ ಮೇಲಕ್ಕೇರಿದರೆ, ಹೊರಗಿನ ಸುತ್ತುಗಳು ಕೆಳಗಿನ ಪೇಟೆಯನ್ನು ತಬ್ಬಿಕೊಂಡಿದ್ದವು. ರಂಗಯ್ಯನ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು — ಇವು ಊರಿಗೆ ಬರುವವರನ್ನು ಎದುರುಗೊಳ್ಳುತ್ತಿದ್ದ ಹೆಬ್ಬಾಗಿಲುಗಳು.

ಆದುದರಿಂದ ದುರ್ಗವನ್ನು ಅರಿಯಲೆಳಸುವವನು ಕೆಳಗಿನಿಂದ ತೊಡಗುವುದು ಲೇಸು. ಇಲ್ಲಿನ ಬಡಾವಣೆಗಳಿಗೆ ಅಂಕಿಗಳಿಲ್ಲ, ಹೆಸರುಗಳಿವೆ. ಆ ಹೆಸರುಗಳೇ ನಕ್ಷೆ. ಬುರುಜನಹಟ್ಟಿ ಎಂದೊಡನೆ ಕೋಟೆಯ ಬುರುಜು ಕಣ್ಣಿಗೆ ಕಟ್ಟುತ್ತದೆ. ಕೆಳಗೋಟೆ ಎಂಬ ಮಾತಿನೊಳಗೆ ‘ಮೇಲಿನ ಕೋಟೆ ಬೇರೆಯೇ ಇದೆ’ ಎಂಬ ಸೂಚನೆ ಅಡಗಿದೆ. ಆನೆಬಾಗಿಲು, ದೊಡ್ಡಪೇಟೆ, ಚಿಕ್ಕಪೇಟೆ, ಸಂತೇಪೇಟೆ, ಕಾಮನಬಾವಿ, ಕರುವಿನಕಟ್ಟೆ — ಬಾಗಿಲು, ವ್ಯಾಪಾರ, ನೀರು, ದನಕರು, ಒಂದು ಊರು ಬಾಳಲು ಬೇಕಾದುದೆಲ್ಲವೂ ಈ ಪಟ್ಟಿಯಲ್ಲಿದೆ.

ನೆರೆಯ ಊರುಗಳ ಹೆಸರುಗಳೂ ಹೀಗೆಯೇ ಮಾತನಾಡುತ್ತವೆ. ಹಿರಿಯೂರು ಹಿರಿದಾದ ಊರು. ಹೊಸದುರ್ಗವೆಂಬ ಹೆಸರು ಹಳೆಯ ದುರ್ಗವೊಂದರ ನೆನಪಿಲ್ಲದೆ ಹುಟ್ಟಲಾರದು. ಹೊಳಲ್ಕೆರೆಯಲ್ಲಿರುವ ‘ಹೊಳಲು’ ಹಳಗನ್ನಡದ ‘ಪೊಳಲ್’, ಎಂದರೆ ಪಟ್ಟಣ. ಪಟ್ಟಣವನ್ನು ಅದರ ಕೆರೆಯಿಂದಲೇ ಗುರುತಿಸಿದ ಜನ ನಮ್ಮವರು. ಈ ಮೂರೂ ಊರುಗಳಿಂದ ಕಚೇರಿಯ ಕೆಲಸಕ್ಕೆಂದೋ ವ್ಯಾಪಾರಕ್ಕೆಂದೋ ದುರ್ಗಕ್ಕೆ ಬಂದಿಳಿಯುವವರು ಇಂದಿಗೂ ‘ಗೇಟು’, ‘ಬಾಗಿಲು’, ‘ಪೇಟೆ’ ಎಂಬ ಮಾತುಗಳಿಂದಲೇ ಆಟೋದವನಿಗೆ ದಾರಿ ಹೇಳುತ್ತಾರೆ.

ಹೆಸರು ಒಂದು ಸೂತ್ರವಾದರೆ ನೀರು ಇನ್ನೊಂದು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತಿತ್ತು. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುತ್ತಿತ್ತು. ಬಯಲುಸೀಮೆಯ ಈ ಊರು ಮುತ್ತಿಗೆಗಳನ್ನು ತಾಳಿದ್ದು ಕಲ್ಲಿನ ಬಲದಿಂದ ಮಾತ್ರವಲ್ಲ, ಈ ಹನಿಗಳ ಲೆಕ್ಕದಿಂದಲೂ ಹೌದು. ಅರಮನೆಯ ಹೊಂಡವನ್ನೂ ಸಂತೆಯ ಹೊಂಡವನ್ನೂ ಒಂದೇ ಹರಿವಿನಲ್ಲಿ ಪೋಣಿಸಿದವರಿಗೆ ಮೇಲಿನ ಊರು ಬೇರೆ, ಕೆಳಗಿನ ಊರು ಬೇರೆ ಎಂಬ ಎಣಿಕೆಯಿರಲಿಲ್ಲ. ಸಂತೆಹೊಂಡದ ಮೆಟ್ಟಿಲ ಬಳಿ ಕ್ಷಣಕಾಲ ನಿಂತು, ಬಳಿಕ ಬೆಟ್ಟವೇರಿದವನು ನೀರಿನ ಜಾಡನ್ನು ಹಿಂದುಹಿಂದಕ್ಕೆ ಹಿಡಿದು ಹೋದಂತಾಗುತ್ತದೆ.

ಮೇಲೇರುತ್ತ ಹೋದಂತೆ ದಾರಿ ಮತ್ತೆ ಮತ್ತೆ ತಿರುಗುತ್ತದೆ. ಬಾಗಿಲಿನಿಂದ ಬಾಗಿಲಿಗೆ ನೇರ ದಾರಿಯಿಲ್ಲ. ಒಮ್ಮೆಲೆ ನುಗ್ಗಿಬರುವ ಹಗೆಗೆ ಗೋಡೆಯೇ ಎದುರಾಗಲೆಂದು ಹೀಗೆ ಕಟ್ಟಿದರು. ಮದ್ದು ಬೀಸುವ ಕಲ್ಲುಗಳು, ಏಕನಾಥೇಶ್ವರಿಯ ಗುಡಿ, ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ, ಮಣ್ಣಿನ ಗೋಡೆಗಳಷ್ಟೇ ಉಳಿದ ಅರಮನೆ, ಟಂಕಸಾಲೆ, ಕಣಜಗಳು ಒಂದೊಂದಾಗಿ ಕಾಣುತ್ತವೆ. ಅಲ್ಲಿದ್ದುದು ಪಾಳೆಯವಲ್ಲ, ಸಂಸಾರವಂದಿಗರು ಬಾಳಿದ ಊರು. ಓಬವ್ವನ ಕತೆಯ ಮರ್ಮವೂ ಇದೇ. ಕಾವಲುಗಾರನ ಮನೆಯಾಕೆ ಗಂಡನ ಊಟದ ಹೊತ್ತಿಗೆ ನೀರು ತರಲು ಹೋದುದರಿಂದಲೇ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರು ಅವಳ ಕಣ್ಣಿಗೆ ಬಿದ್ದನು. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದಾಗ ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಆ ಪತನವೇ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿಯ ವಸ್ತು.

ಊರಿನ ಆಯುಸ್ಸು ನಾಯಕರ ಕಾಲಕ್ಕೆ ನಿಲ್ಲುವುದಿಲ್ಲ. ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಲ್ಲಿ ಉತ್ಖನನ ನಡೆಸಿದರು. ರೋಮಿನ ಅಗಸ್ಟಸ್ ಸೀಸರನ ಬೆಳ್ಳಿಯ ನಾಣ್ಯ ಅಲ್ಲಿ ದೊರೆತಿದೆ. ವಿಯೆನ್ನಾದ ಹಳೆಯ ಊರು ನಿಂತಿರುವುದೂ ರೋಮನ್ನರ ಸೇನಾಶಿಬಿರವೊಂದರ ನೆಲೆಯ ಮೇಲೆಯೇ! ಯುರೋಪಿನ ನಗರವನ್ನು ಓದುವ ಬಗೆ ನಮಗೆ ತೀರ ಪರಕೀಯವೇನಲ್ಲ.

ಆದರೆ ಒಂದು ಭೇದವನ್ನು ಮರೆಯಲಾಗದು. ವಿಯೆನ್ನಾ ತನ್ನ ಗೋಡೆಯನ್ನು ತಿಳಿದೇ ಕೆಡವಿತು. ಕೆಡವಿದ ಜಾಗವನ್ನು ಬೀದಿಯಾಗಿ, ಹೆಸರಾಗಿ, ಅಂಕಿಯಾಗಿ ಉಳಿಸಿಕೊಂಡಿತು. ದುರ್ಗದಲ್ಲಿ ಬೆಟ್ಟದ ಕೋಟೆಗೆ ಸರ್ಕಾರದ ರಕ್ಷಣೆಯಿದೆ. ಪೇಟೆಯ ಸುತ್ತುಗೋಡೆಯಾದರೋ ಅಲ್ಲಲ್ಲಿ ಮನೆಗಳ ಬೆನ್ನಿಗೆ, ಅಂಗಡಿಗಳ ಮರೆಗೆ ಸಂದುಹೋಗಿದೆ. ಗೋಡೆ ಕಾಣದಾದ ಎಡೆಯಲ್ಲಿ ಅದನ್ನು ನೆನೆಸಿಕೊಡಲು ಉಳಿದಿರುವುದು ಹೆಸರೊಂದೇ. ನಾಳೆ ಆ ಬಡಾವಣೆಗೆ ಬೇರೊಂದು ಚೆಂದದ ಹೆಸರಿಟ್ಟರೆ ಕಲ್ಲಿನೊಡನೆ ಅದರ ಸಾಕ್ಷಿಯೂ ಹೋಗುತ್ತದೆ. ಕಲ್ಲನ್ನು ಕಾಯಲು ಹಣ ಬೇಕು, ಆಳು ಬೇಕು. ಹೆಸರನ್ನು ಕಾಯಲು ಬೇಕಾದುದು ಇಷ್ಟೇ: ಊರವರು ಅದನ್ನು ಬಳಸುತ್ತಿರಬೇಕು, ಮಕ್ಕಳಿಗೆ ಅದರ ಅರ್ಥವನ್ನು ಹೇಳುತ್ತಿರಬೇಕು.