ರಾತ್ರಿ ಭಜನಿಗೆ ಯಾವ ಪದ?

ನಮ್ಮ ಭಾಗದಲ್ಲಿ ಭಜನಿ ಮ್ಯಾಳಕ್ಕೆ ಮೊದಲೇ ಹೇಳಿಕಳಿಸುವುದು ಜಾತ್ರೆಗೆ, ಪುರಾಣದ ಮಂಗಲಕ್ಕೆ, ಮಠದ ಅಮಾವಾಸ್ಯೆಗೆ. ಉಳಿದ ಕರೆಗಳೆಲ್ಲ ಹೊತ್ತು ಮುಳುಗಿದ ಮೇಲೆ ಬರುತ್ತವೆ. "ಮಾಸ್ತರ, ಅಜ್ಜಾರು ಹೋದ್ರು. ಬೆಳತನಕ ಭಜನಿ ಆಗಬೇಕ್ರಿ. ಪೇಟಿ ತಗೊಂಡು ಲಗೂನ ಬರ್ರಿ." ಮಾತು ಅಷ್ಟಕ್ಕೇ ಮುಗಿಯುತ್ತದೆ. ಹಾಡುವವರು ಯಾರು, ತಬಲಾ ಯಾರದು, ಏನು ಹಾಡಬೇಕು ಎಂಬುದನ್ನೆಲ್ಲ ಆ ಮನೆಯ ಅಂಗಳ ಮುಟ್ಟುವುದರೊಳಗೆ ನಾವೇ ಗೊತ್ತು ಮಾಡಿಕೊಳ್ಳಬೇಕು.

ನಮ್ಮ ಊರು ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ತಾಲೂಕಿನದು. ಹೊರಗಿನವರು ಇದನ್ನು ದೇವರ ಹಿಪ್ಪರಗಿಯ ಜೊತೆ ಬೆರೆಸಿಬಿಡುತ್ತಾರೆ. ಅದು ಸಿಂದಗಿ ಕಡೆಯ ಮಲ್ಲಯ್ಯನ ಊರು, ನಮ್ಮದು ಬೇರೆ. ನಾನು ಸಾಲಿಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಹಾರ್ಮೋನಿಯಂ ನುಡಿಸುತ್ತೇನೆ. ನಮ್ಮಲ್ಲಿ ಅದಕ್ಕೆ ಪೇಟಿ ಎನ್ನುತ್ತಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಶರೀರವನ್ನು ಸ್ನಾನ ಮಾಡಿಸಿ, ವಿಭೂತಿ ಧರಿಸಿ ಕೂಡ್ರಿಸುತ್ತಾರೆ. ಮುಂಬಯಿ, ಪುಣೆ, ಗೋವಾಕ್ಕೆ ದುಡಿಯಲು ಹೋದ ಮಕ್ಕಳು ಬಂದು ಮುಟ್ಟುವ ತನಕ ಮಣ್ಣು ಮಾಡುವಂತಿಲ್ಲ. ಆ ರಾತ್ರಿಯಷ್ಟೂ ಶರೀರದ ಮುಂದೆ ಭಜನಿ ನಡೆಯಬೇಕು. ಮ್ಯಾಳ ಕೂಡುವುದು ಹೀಗೆ: ಪೇಟಿ ನಮ್ಮೂರಿನದು, ತಬಲಾ ಬಾಗೇವಾಡಿ ಕಡೆಯದು, ದಮ್ಮಡಿಯವರು ಇನ್ನೊಂದು ಹಳ್ಳಿಯವರು, ಹಾಡುವವರು ಸತ್ತವರ ಬೀಗರ ಊರಿನಿಂದ ಟಂಟಂ ಹತ್ತಿ ಬಂದವರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು. ತಾಲೀಮು ಎಂಬ ಮಾತೇ ಇಲ್ಲ.

ಇಂಥ ರಾತ್ರಿ ಪದ ಆರಿಸುವುದು ಒಂದು ವಿದ್ಯೆ ಎಂದು ನಾನು ನಂಬಿದ್ದೇನೆ. ಹಾಡುವ ವಿದ್ಯೆಗೆ ಸಿಗುವ ಮರ್ಯಾದೆ ಇದಕ್ಕೆ ಸಿಕ್ಕಿಲ್ಲ. ಕೊರಳು ಎಷ್ಟೇ ಚೆನ್ನಾಗಿದ್ದರೂ ಪದ ತಪ್ಪಿ ಆರಿಸಿದರೆ ಹಿಂದಿನವರು ಬಾಯಿ ಮುಚ್ಚುತ್ತಾರೆ, ತಬಲಾದವನು ಕೈ ಹುಡುಕುತ್ತಾನೆ, ಮನೆಯವರು ಒಳಗೆ ಎದ್ದು ಹೋಗುತ್ತಾರೆ.

ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಕೇಳುವುದು ಹೋದವರು ಯಾರು, ವಯಸ್ಸೆಷ್ಟು, ಹಿಂದೆ ಯಾರಿದ್ದಾರೆ ಎಂದು. ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಹೋದ ಅಜ್ಜನಾದರೆ ದಾರಿ ಸುಲಭ. ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ, ತಂಬೂರಿಯ ಪದ ಅಲ್ಲಿ ನೆಟ್ಟಗೆ ಕೂಡುತ್ತವೆ. ಒಂದರಲ್ಲಿ ದೇಹ ಮನೆಯಾಗಿದೆ, ಇನ್ನೊಂದರಲ್ಲಿ ನುಡಿಸುವ ವಾದ್ಯವಾಗಿದೆ. ತುಂಬು ಬದುಕು ಬದುಕಿದವರ ಮುಂದೆ ಅವನ್ನು ಹಾಡಿದರೆ ಕೂತ ಮುದುಕರು ತಲೆದೂಗುತ್ತಾರೆ. ಹೋದವರು ಹರೆಯದವರಾದರೆ, ಎಳೆ ಮಕ್ಕಳ ತಾಯಿಯಾದರೆ, ಅವೇ ಪದಗಳು ಚುಚ್ಚುತ್ತವೆ. ಸಂಸಾರ ಸುಳ್ಳು, ದೇಹ ಮಣ್ಣು ಎಂದು ಹೇಳುವ ಪದವನ್ನು ಗಂಡ ಕಳೆದುಕೊಂಡ ಇಪ್ಪತ್ತೈದರ ಹೆಣ್ಣುಮಗಳ ಎದುರು ಹಾಡಬಾರದು. ಅಂಥ ಮನೆಯಲ್ಲಿ ಗುರುವಿನ ಕರುಣೆಯನ್ನು ಬೇಡುವ, ಕೈ ಹಿಡಿ ಎಂದು ಮೊರೆಯಿಡುವ ಪದಗಳನ್ನೇ ಹಚ್ಚಬೇಕು. ನಿಜಗುಣ ಶಿವಯೋಗಿಗಳ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯ ಸಾಹಿತ್ಯದಲ್ಲಿ ಅವು ಬೇಕಾದಷ್ಟಿವೆ. ಈ ಒಂದು ವಿವೇಕವಿಲ್ಲದ ಮ್ಯಾಳವನ್ನು, ಅದು ಎಷ್ಟೇ ಹೆಸರಾಗಿರಲಿ, ನಾನು ಒಪ್ಪುವುದಿಲ್ಲ.

ಆಮೇಲೆ ಸ್ವರ. ಪೇಟಿಯ ಮನೆಗಳನ್ನು ನಾವು ಬಣ್ಣದಿಂದ, ಎಣಿಕೆಯಿಂದ ಹೇಳುತ್ತೇವೆ. ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು. ಗಂಡಸರಲ್ಲಿ ಬಹಳ ಮಂದಿ ಕರಿ ಒಂದು, ಕರಿ ಎರಡರಲ್ಲಿ ಹಾಡುತ್ತಾರೆ. ಗೀಗೀ ಪದ ಹಾಡಿ ಕೊರಳು ಹರಿಬಿಟ್ಟವರು ಬಿಳಿ ನಾಲ್ಕಕ್ಕೆ, ಅದಕ್ಕೂ ಮೇಲೆ ಏರುತ್ತಾರೆ. ಪೇಟಿಯವನಿಗೆ ಮನೆ ಬದಲಿಸುವುದು ಬೆರಳಿನ ಕೆಲಸ. ತಬಲಾದವನಿಗೆ ಹಾಗಲ್ಲ. ಅವನು ತಂದಿರುವುದು ಒಂದೇ ತಬಲಾ, ಅದು ಕರಿ ಒಂದಕ್ಕೆ ಹದವಾಗಿದೆ ಎನ್ನಿ. ಬಿಳಿ ನಾಲ್ಕರ ಕೊರಳಿನವನು ಹಾಡಲು ಕೂತರೆ ಅಷ್ಟು ಮೇಲಕ್ಕೆ ಅದನ್ನು ಬಿಗಿಯಲು ಹೋಗಬಾರದು, ಚರ್ಮ ಹರಿಯುತ್ತದೆ. ಬಲ್ಲವನು ಸುತ್ತಿಗೆ ತೆಗೆದುಕೊಂಡು ಗಟ್ಟಿಗಳನ್ನು ಮೆಲ್ಲಗೆ ಮೇಲಕ್ಕೆ ತಟ್ಟಿ ಅರ್ಧ ಸ್ವರ ಇಳಿಸುತ್ತಾನೆ. ಆಗ ತಬಲಾ ಬಿಳಿ ಒಂದಕ್ಕೆ ಬರುತ್ತದೆ. ಬಿಳಿ ನಾಲ್ಕನ್ನು ಷಡ್ಜವಾಗಿ ಹಿಡಿದವನಿಗೆ ಬಿಳಿ ಒಂದು ಪಂಚಮ. ತಬಲಾ ಪಂಚಮದಲ್ಲಿ ನಿಂತರೂ ಹಾಡಿಗೆ ಒಪ್ಪುತ್ತದೆ. ಅರ್ಧ ರಾತ್ರಿಯಲ್ಲಿ ಇದನ್ನು ಮತ್ತೆ ಮತ್ತೆ ಮಾಡುತ್ತ ಕೂಡಲಾಗದು. ಅದಕ್ಕೇ ಒಂದೇ ಸ್ವರದವರನ್ನು ಒಬ್ಬರ ಹಿಂದೆ ಒಬ್ಬರಂತೆ ಹಾಡಿಸಬೇಕು. ಹಿರಿತನ ನೋಡಿ ಸರದಿ ಕೊಟ್ಟರೆ ರಾತ್ರಿಯೆಲ್ಲ ಸುತ್ತಿಗೆಯ ಸಪ್ಪಳವೇ ಆಗುತ್ತದೆ.

ದಮ್ಮಡಿಯದು ಇನ್ನೊಂದು ಬಗೆ. ಮಳೆಗಾಲದ ತಂಪಿಗೆ ಅದರ ಚರ್ಮ ಸಡಿಲಾಗುತ್ತದೆ. ಅಂಗಳದ ಮೂಲೆಯಲ್ಲಿ ಕಣಿಕಿಯ ಬೆಂಕಿ ಮಾಡಿ ಕಾಯಿಸಿಕೊಂಡು ಬರಬೇಕು. ಅಷ್ಟರ ತನಕ ಬರೀ ತಾಳ, ಏಕತಾರಿಯ ಮೇಲೆ ನಿಲ್ಲುವ ಪದ ಬೇಕು. ಮೊದಲಿಗೆ ನಿಧಾನದ ಗುರುಸ್ತುತಿಯನ್ನು ಇಡುವುದಕ್ಕೆ ಭಕ್ತಿ ಒಂದು ಕಾರಣವಾದರೆ ಇದೂ ಒಂದು ಕಾರಣ.

ಮೊದಲ ಸುತ್ತಿನಲ್ಲಿ ಎಂಥ ಪದ ಹಿಡಿಯಬೇಕು? ಪಲ್ಲ ಗಿಡ್ಡದಿರಬೇಕು. ಹಾಡುವವನು ಎರಡು ಸಲ ಎತ್ತಿದರೆ ಮೂರನೆಯ ಸಲಕ್ಕೆ ಹಿಂದಿನವರು ಎತ್ತಿಕೊಳ್ಳುವಂತಿರಬೇಕು. ನುಡಿಗಳೆಲ್ಲ ಒಂದೇ ಧಾಟಿಯಲ್ಲಿ ಬರಬೇಕು. ಠೇಕಾ ಎಂಟು ಮಾತ್ರೆಯ ಕೆಹರವಾ, ಇಲ್ಲವೇ ಆರು ಮಾತ್ರೆಯ ದಾದರಾ ಇದ್ದರೆ ಯಾವ ಊರಿನ ಕೈಯಾದರೂ ಕೂಡಿಕೊಳ್ಳುತ್ತದೆ. ನಿಜಗುಣರ ಕೈವಲ್ಯ ಪದ್ಧತಿಯ ಪುಸ್ತಕದಲ್ಲಿ ಪದಗಳ ಮೇಲೆ ರಾಗದ ಹೆಸರಿದೆ. ಆ ರಾಗದಲ್ಲೇ, ದೊಡ್ಡ ತಾಳದಲ್ಲೇ ಹಾಡುವ ಆಸೆಯಿದ್ದವರು ತಬಲಾದವನನ್ನು ಮೊದಲು ವಿಚಾರಿಸಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವನಾದರೆ ಚಿಂತೆಯಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ತಯಾರು ಮಾಡಿದ ಶಿಷ್ಯರು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಪೇಟಿ, ತಬಲಾ ಮುಟ್ಟಿಸಿದ್ದಾರೆ. ಹೊಲದ ಕೆಲಸ ಮುಗಿಸಿ ಕೇಳಿಕೇಳಿಯೇ ಕಲಿತ ಕೈಯಾದರೆ ಅವನಿಗೆ ತಿಳಿದ ಠೇಕಾದ ಪದವನ್ನೇ ಹಾಡುವುದು ಮರ್ಯಾದೆ. ಸತ್ತವರ ಮನೆಯಲ್ಲಿ ಒಬ್ಬ ಕಲಾವಿದನ ಮಾನ ತೆಗೆದು ಇನ್ನೊಬ್ಬ ದೊಡ್ಡವನಾಗುವುದು ಯಾವ ಪದಕ್ಕೂ ಶೋಭೆ ತರುವುದಿಲ್ಲ.

ಬೆಂಗಳೂರಿನಲ್ಲಿ ಗಿಟಾರ್ ನುಡಿಸುವ ನನ್ನ ಅಣ್ಣನ ಮಗ ಇಂಥ ಒಂದು ರಾತ್ರಿ ನನ್ನ ಬಾಜೂಕ ಕೂತಿದ್ದ. "ಕಾಕಾ, ನಾವು ಬ್ಲೂಸ್ ಜಾಮ್ ಅಂತ ಮಾಡೋದೂ ಇದನ್ನ" ಎಂದ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಹಾಡಿನ ಬಗೆ ಬ್ಲೂಸ್. ನಾಲ್ಕು ಮಾತ್ರೆಯ ಹನ್ನೆರಡು ಆವರ್ತನ, ಮೂರು ಕಾರ್ಡು. ಒಂದು ಸಾಲನ್ನು ಎರಡು ಸಲ ಹೇಳಿ ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು ಅದರ ಬಹುಪಾಲು ಹಾಡುಗಳ ಕಟ್ಟು. ಗುರುತಿಲ್ಲದ ನಾಲ್ಕು ಜನ ವೇದಿಕೆ ಹತ್ತಿ, ಸ್ವರ ಯಾವುದು, ನಡೆ ಎಂಥದು ಎಂದಷ್ಟೇ ಹೇಳಿಕೊಂಡು ಶುರು ಮಾಡುತ್ತಾರಂತೆ. ಅಲ್ಲಿಯೂ ಜಾಣರು ಎಲ್ಲರ ಕೈಗೆ ಬರುವ ಹಾಡನ್ನೇ ಕರೆಯುತ್ತಾರೆ, ತಮಗೊಬ್ಬರಿಗೇ ಗೊತ್ತಿರುವ ತಿರುವಿನ ಹಾಡನ್ನು ಚೀಲದಲ್ಲೇ ಬಿಡುತ್ತಾರೆ ಎಂದ. ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ಎಂಬಾತ 1936, 1937ರಲ್ಲಿ ಧ್ವನಿಮುದ್ರಿಸಿದ್ದು 29 ಹಾಡು. ತೀರಿಕೊಂಡಾಗ ವಯಸ್ಸು 27. ಅವನ ಹಾಡುಗಳನ್ನು ಲೋಕದ ತುಂಬ ಇಂದೂ ಹಾಡುತ್ತಾರೆ ಎಂದು ಕೇಳಿ ನನಗೆ ಸಂತೋಷವಾಯಿತು. ಪಲ್ಲ, ನುಡಿ, ಕೊನೆಗೆ ಅಂಕಿತ ಎಂಬ ಚೌಕಟ್ಟು ನಮ್ಮನ್ನು ಕಾಯುತ್ತಿದೆ. ಹನ್ನೆರಡು ಆವರ್ತನದ ಚೌಕಟ್ಟು ಅವರನ್ನು ಕಾಯುತ್ತಿದೆ.

ಧಾಟಿಯ ಮಾತಿಗೆ ಬರುತ್ತೇನೆ, ಇತ್ತೀಚೆಗೆ ತಕರಾರು ಏಳುವುದು ಇಲ್ಲೇ. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದದ್ದು 1990ರಲ್ಲಿ. ಅದರ ಹಾಡುಗಳಿಗೆ, ಅದಕ್ಕೂ ಮೊದಲಿನ ಕ್ಯಾಸೆಟ್ಟುಗಳಿಗೆ ಸಿ. ಅಶ್ವತ್ಥ್ ಹಾಕಿದ ಧಾಟಿಗಳು ನಾಡಿನ ತುಂಬ ಹರಡಿದವು. ಶರೀಫರನ್ನು ಮನೆಮನೆಗೆ ಮುಟ್ಟಿಸಿದ ಆ ಕೊರಳಿಗೆ ನನ್ನ ನಮಸ್ಕಾರ. ಆದರೆ ಅದೇ ಪದಗಳಿಗೆ ಹಳ್ಳಿಯ ಮ್ಯಾಳಗಳಲ್ಲಿ ಮೊದಲಿನಿಂದ ಬಂದ ಧಾಟಿ ಬೇರೆ ಇದೆ. ಮುಂದೆ ಕೂತ ಹುಡುಗ ಕ್ಯಾಸೆಟ್ಟಿನ ಧಾಟಿ ಎತ್ತಿ, ಹಿಂದಿನ ಮುದುಕರು ಹಳೆಯದನ್ನು ಹಿಡಿದರೆ ಒಂದೇ ಪದ ಎರಡಾಗಿ ಸೀಳುತ್ತದೆ. "ಯಾವ ಧಾಟಿಯಿಂದ ಹಾಡ್ತಿ ತಮ್ಮಾ?" ಎಂದು ಮೊದಲೇ ಕೇಳಿ ಪೇಟಿಯ ಮೇಲೆ ಅದರ ಎರಡು ಸ್ವರ ಹಿಡಿದು ಎಲ್ಲರಿಗೂ ಕೇಳಿಸಿದರೆ ಆಯಿತು. ಹಳೆಯ ಧಾಟಿ ಬಲ್ಲ ಹಿರಿಯರು ನಾಲ್ಕು ಜನ ಇದ್ದರೂ ಸಾಕು, ನಾನು ಅದನ್ನೇ ಹಚ್ಚಲು ಹೇಳುತ್ತೇನೆ. ಇನ್ನು ಸಿನಿಮಾ ಹಾಡಿನ ಧಾಟಿಗೆ ದೇವರ ಹೆಸರು ತುಂಬಿ ಹಾಡುವುದು ಗಣಪತಿ ಹಬ್ಬದಲ್ಲಿ ನಡೆಯಲಿ, ಶರೀರದ ಮುಂದೆ ಬೇಡ.

ಹೊತ್ತಿಗೆ ತಕ್ಕ ಪದ ಎಂಬುದೂ ಉಂಟು. ಹನ್ನೆರಡರ ತನಕ ಜನ ತುಂಬಿರುತ್ತಾರೆ, ಎಲ್ಲರಿಗೂ ಬರುವ ಪದಗಳು ಸಾಗುತ್ತವೆ. ಅಲ್ಲಿಂದ ಮೂರರ ತನಕ ಉಳಿಯುವವರು ಪದದ ರುಚಿ ಹತ್ತಿದವರು. ಕಡಕೋಳ ಮಡಿವಾಳಪ್ಪನವರ ಪದಗಳಿಗೆ ಅದೇ ಹೊತ್ತು. ಕಲಬುರಗಿ ಜಿಲ್ಲೆಯ ಕಡಕೋಳದಲ್ಲಿ ನೆಲೆ ನಿಂತು ಅವರು ಹಾಡಿದ್ದು ಕಟುಮಾತಿನ ಪದ. ಜಾತಿಯ, ಮಠದ, ಡಾಂಭಿಕತೆಯ ಯಾವ ಹಂಗೂ ಅವರಿಗಿಲ್ಲ. ಅವರ ಶಿಷ್ಯರಲ್ಲಿ ಸಿಂದಗಿ ಕಡೆಯ ಕಡ್ಲೇವಾಡದ ಸಿದ್ದಪ್ಪ ಇದ್ದರು, ಚನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪ ಇದ್ದರು. ಅಂಕಿತ ಬರುವ ತನಕ ಕೇಳುವವರಿಗೆ ಕವಿಯ ಜಾತಿ, ಧರ್ಮ ತಿಳಿಯುವುದಿಲ್ಲ, ತಿಳಿದ ಮೇಲೆ ಯಾರೂ ಏಳುವುದೂ ಇಲ್ಲ. ಶರೀಫರ ಕೋಡಗ-ಕೋಳಿಯ ಪದದಂಥ ಒಗಟಿನ ಪದಗಳೂ ಈ ಹೊತ್ತಿಗೆ ಒಪ್ಪುತ್ತವೆ, ಅರ್ಥ ಬಿಡಿಸುತ್ತ ನಿದ್ದೆ ಹಾರುತ್ತದೆ. ಸವಾಲ್-ಜವಾಬ್ ಮಾತ್ರ ಬೇಡ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹರದೇಶಿ-ನಾಗೇಶಿಯವರು ರಾತ್ರಿಯಿಡೀ ವಾದಿಸುವುದು ಜಾತ್ರೆಯ ಕಟ್ಟೆಗೆ ಚಂದ.

ಎಲ್ಲಕ್ಕಿಂತ ಕಠಿಣವಾದ ಆಯ್ಕೆ ನಸುಕಿನದು. ಪುಣೆಯ ಬಸ್ಸಿಳಿದು ಮಗಳು ಓಡಿ ಬರುತ್ತಾಳೆ, ಅಪ್ಪನ ಕಾಲು ಹಿಡಿದು ಹಾಡಿ ಹಾಡಿ ಅಳುತ್ತಾಳೆ. ಆಗ ತಾಳ ನಿಲ್ಲಬೇಕು, ತಬಲಾ ನಿಲ್ಲಬೇಕು. ನಾನು ಪೇಟಿಯ ಮೇಲೆ ಷಡ್ಜವೊಂದನ್ನೇ ಹಿಡಿದು ಮೆಲ್ಲಗೆ ಗಾಳಿ ಹಾಕುತ್ತಿರುತ್ತೇನೆ. ಅಳು ಇಳಿದ ಮೇಲೆ ಮತ್ತೆ ಯಾವ ಪದದಿಂದ ಎತ್ತುವುದು? ನಮ್ಮ ಮ್ಯಾಳದಲ್ಲಿ ಒಬ್ಬ ಹಿರಿಯರಿದ್ದರು. ಅವರು ಇಂಥಲ್ಲಿ ಠೇಕಾ ಬೇಡವೆಂದು ತಬಲಾದವನಿಗೆ ಕಣ್ಣಿನಲ್ಲೇ ಹೇಳಿ, ಜೋಗಿಯಾ ರಾಗದ ಸ್ವರದಲ್ಲಿ ಸರ್ಪಭೂಷಣರ ಒಂದು ಪಲ್ಲವನ್ನು ಮಂದ್ರದಲ್ಲಿ ಎತ್ತುತ್ತಿದ್ದರು. ಎರಡನೆಯ ನುಡಿಗೆ ತಾಳ, ಮೂರನೆಯದಕ್ಕೆ ದಮ್ಮಡಿ ತಾವಾಗಿಯೇ ಬಂದು ಕೂಡುತ್ತಿದ್ದವು. ಅಷ್ಟರಲ್ಲಿ ಆ ಮಗಳೂ ಎದ್ದು ತಾಯಿಯ ಪಕ್ಕಕ್ಕೆ ಹೋಗಿ ಕೂಡುತ್ತಿದ್ದಳು. ಅವರು ಯಾವ ಪದ ಯಾವ ಮನೆಯಲ್ಲಿ ಎತ್ತಿದರೆಂದು ನಾವು ಯಾರೂ ಬರೆದಿಡಲಿಲ್ಲ. ಅವರ ಜೊತೆಗೇ ಆ ಲೆಕ್ಕ ಹೋಯಿತು.

ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುವ ಕಲ್ಲಿನ ಮುಂದೆ, ಲಾವಣಿಯ ಕಟ್ಟೆಯ ಮೇಲೆ ಕೇಳಿದ್ದನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ' ಅಚ್ಚಾದದ್ದು ಆ ಶ್ರಮದಿಂದ. ತತ್ವಪದಗಳ ಸಾಹಿತ್ಯ ಕೂಡ ಈಗ ಸಾಕಷ್ಟು ಅಚ್ಚಾಗಿದೆ. ಅಚ್ಚಾಗದೆ ಉಳಿದದ್ದು ಧಾಟಿ, ಸ್ವರ, ಠೇಕಾ, ಹೊತ್ತು. ಇವು ಇನ್ನೂ ಮುದುಕರ ಬಾಯಲ್ಲಿವೆ.

ಅದಕ್ಕೇ ಓದುಗರಲ್ಲಿ ಒಂದು ಬಿನ್ನಹ. ನಿಮ್ಮೂರಿನಲ್ಲಿ ಮ್ಯಾಳವಿದ್ದರೆ ಬರುವ ಅಮಾವಾಸ್ಯೆಗೆ ಒಂದು ನೋಟುಬುಕ್ಕು ಹಿಡಿದು ಹೋಗಿ. ಒಂದೊಂದು ಪದಕ್ಕೂ ಪಲ್ಲ, ಯಾರ ಅಂಕಿತ, ಪೇಟಿಯ ಯಾವ ಮನೆ, ಯಾವ ಠೇಕಾ, ರಾತ್ರಿಯ ಯಾವ ಹೊತ್ತು, ಎಂಥ ಮನೆಗೆ ಎಂದು ಬರೆದುಕೊಳ್ಳಿ. ಧಾಟಿಯನ್ನು ಮೊಬೈಲಿನಲ್ಲಿ ತುಂಬಿಕೊಳ್ಳಿ. ಜೊತೆಗೆ ನಿಮ್ಮ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ, ಕೈಗೆ ಒಂದು ಜೋಡಿ ತಾಳ ಕೊಟ್ಟು ಹಿಂದಿನ ಸಾಲಿನಲ್ಲಿ ಕೂಡ್ರಿಸಿ.