ಹೆಂಚು, ನಿಘಂಟು ಮತ್ತು ನಂಬಿಕೆ

ಧರ್ಮವನ್ನು ಹಂಚಿಕೊಳ್ಳುವುದೆಂದರೆ ಬೀದಿಯಲ್ಲಿ ನಿಂತು ಉಪದೇಶಿಸುವುದೆಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಉಪದೇಶದಿಂದಲೇ ಆರಂಭಿಸಿದರು. ಆದರೆ ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದೊಡನೆ ಅವರ ಕುಲಕಸುಬೂ ಕೈತಪ್ಪುತ್ತಿತ್ತು. ಆತ್ಮದ ಮಾತಾಡಿದವರು ಅನ್ನದ ಪ್ರಶ್ನೆಗೂ ಉತ್ತರಿಸಬೇಕಾಯಿತು. ಮುದ್ರಣ, ನೇಯ್ಗೆಗಳ ಜೊತೆಗೆ 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಹೆಂಚಿನ ಕಾರ್ಖಾನೆ ತೆರೆದರು. ಒಂದು ಸಣ್ಣ ಸಮುದಾಯದ ಸಂಕಟಕ್ಕೆಂದು ಹುಡುಕಿದ ಪರಿಹಾರ ಕರಾವಳಿಯ ಎಲ್ಲ ಮತದವರ ಮನೆಗಳಿಗೂ ಸೂರಾಯಿತು. ಅರ್ಥಶಾಸ್ತ್ರ ಓದಿದ ನನಗೆ ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ಎಲ್ಲವೂ ಸರಳವಾಗಿರಲಿಲ್ಲ. ಕೂಲಿ ಕೊಡುವವರೂ ಪ್ರಾರ್ಥನೆ ನಡೆಸುವವರೂ ಒಬ್ಬರೇ ಆದಾಗ ಕೂಲಿಕಾರನ ನಂಬಿಕೆ ಎಷ್ಟು ಸ್ವತಂತ್ರ? ಈ ಅನುಮಾನ ನ್ಯಾಯವಾದದ್ದೇ. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ ನನಗೆ ಹೆಚ್ಚು ಆಪ್ತರಾಗುವುದು ಈ ಕಾರಣಕ್ಕೆ. ಹಳಗನ್ನಡ ಕಾವ್ಯ, ಛಂದಸ್ಸುಗಳಲ್ಲಿ ಮುಳುಗಿದ್ದ ಅವರ ಬಗ್ಗೆ ಸಹೋದ್ಯೋಗಿಗಳಿಗೇ ಅಸಮಾಧಾನವಿತ್ತು. ಸುವಾರ್ತೆ ಸಾರಬೇಕಾದವರು ವ್ಯಾಕರಣ ಹಿಡಿದು ಕೂರುವುದೇ? ಅವರಾದರೋ ತಮ್ಮ ಪಾಡಿಗೆ ಪದ ಕೂಡಿಸುತ್ತಲೇ ಹೋದರು. 1894ರಲ್ಲಿ ಹೊರಬಂದ, ಸುಮಾರು 70,000 ಪದಗಳ ಅವರ ನಿಘಂಟಿನಿಂದ ಪ್ರಯೋಜನ ಪಡೆಯಲು ಯಾರೂ ಮತ ಬದಲಿಸಬೇಕಿರಲಿಲ್ಲ. ಪಂಪನನ್ನೋ ಜನ್ನನನ್ನೋ ಓದುವಾಗ ಶಬ್ದವೊಂದು ತೊಡಕಾದರೆ ಇಂದಿಗೂ ನಮ್ಮ ಅನೇಕ ವಿದ್ವಾಂಸರು ತೆರೆಯುವುದು ಕಿಟ್ಟೆಲ್ ಕೋಶವನ್ನೇ.