ಟರ್ಬೊ ಏಕೆ ತಡವರಿಸುತ್ತದೆ?

ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯೊಂದರ ಹಿಂದೆ ಟರ್ಬೊ ಕಾರು ನಿಧಾನವಾಗಿ ಹತ್ತುತ್ತಿದೆ ಎನ್ನಿ. ಎದುರಿನ ದಾರಿ ತೆರವಾಗಿದೆ ಎಂದು ಕಂಡ ಚಾಲಕ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತುತ್ತಾನೆ. ಒಂದು ಕ್ಷಣ, ಎರಡು ಕ್ಷಣ, ಏನೂ ಆಗದು. ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಕಾರು ಜಿಗಿಯುತ್ತದೆ. ಅಷ್ಟರಲ್ಲಿ ತಿರುವಿನಿಂದ ಬಸ್ಸೊಂದು ಮೂತಿ ತೋರಿಸಿದರೆ? ಈ ತಡವರಿಕೆಗೆ ‘ಟರ್ಬೊ ಲ್ಯಾಗ್’ ಎಂದು ಹೆಸರು. ಹೊಸದಾಗಿ ಚಾಲನೆ ಕಲಿತ ಮಗನಿಗೋ ಮಗಳಿಗೋ ಕಾರಿನ ಕೀಲಿ ಕೊಡುವ ತಂದೆ ತಾಯಿಯರು ತಿಳಿದಿರಬೇಕಾದ ವಿಷಯವಿದು.

ಎಂಜಿನ್ನಿಗೆ ಇಂಧನದಷ್ಟೇ ಗಾಳಿಯೂ ಬೇಕು. ಸಿಲಿಂಡರಿಗೆ ಹೆಚ್ಚು ಗಾಳಿ ತುರುಕಿದರೆ ಹೆಚ್ಚು ಇಂಧನ ಉರಿಸಬಹುದು. ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಹೊಗೆ ಕೊಳವೆಯಿಂದ ಸುಮ್ಮನೆ ಹೊರಗೆ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಗಾಳಿ ಒತ್ತಿದರೆ ಹೇಗೆ? 1905ರಲ್ಲಿ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಯುಕ್ತಿಗೆ ಪೇಟೆಂಟ್ ಪಡೆದ. ನಮ್ಮ ಮನೆಯ ಸೀಲಿಂಗ್ ಫ್ಯಾನು ನಿಮಿಷಕ್ಕೆ ಮುನ್ನೂರು ನಾನ್ನೂರು ಸುತ್ತು ತಿರುಗಿದರೆ, ಕಾರಿನ ಟರ್ಬೊ ಒಂದು ಲಕ್ಷವನ್ನೂ ಮೀರುತ್ತದೆ.

ತೊಡಕು ಇರುವುದು ಇಲ್ಲೇ. ಚಕ್ರ ಜೋರಾಗಿ ತಿರುಗಲು ಹೆಚ್ಚು ಹೊಗೆ ಬೇಕು. ಹೆಚ್ಚು ಹೊಗೆ ಬರಲು ಹೆಚ್ಚು ಗಾಳಿ ಬೇಕು. ಹೆಚ್ಚು ಗಾಳಿಗೆ ಚಕ್ರ ಜೋರಾಗಿ ತಿರುಗಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ. ಕುಂಬಾರನ ಚಕ್ರವನ್ನು ನೋಡಿದವರಿಗೆ ಗೊತ್ತು, ಭಾರದ ಚಕ್ರ ವೇಗ ಹಿಡಿಯಲು ಹೊತ್ತು ಬೇಡುತ್ತದೆ.

ಇದರ ಪಾಡು ಪಟ್ಟವರಲ್ಲಿ ಫ್ರಾನ್ಸಿನ ರೆನೊ ಕಂಪನಿಯವರು ಮುಖ್ಯರು. 1977ರ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಅವರು ಫಾರ್ಮುಲಾ ಒನ್ ಪಂದ್ಯಕ್ಕೆ ಮೊದಲ ಟರ್ಬೊ ಕಾರು ಇಳಿಸಿದರು. ಉಳಿದವರದು ಮೂರು ಲೀಟರಿನ ಎಂಜಿನ್, ಇವರದು ಒಂದೂವರೆ ಲೀಟರು. ಕಾರು ಅರ್ಧದಲ್ಲೇ ಕೆಟ್ಟು ನಿಂತಿತು. ಆಗಾಗ ಹೊಗೆಯುಗುಳುತ್ತಿದ್ದ ಅದಕ್ಕೆ ‘ಹಳದಿ ಚಹಾ ಕೆಟಲ್’ ಎಂಬ ಅಡ್ಡಹೆಸರೂ ಬಂತು. ಅದರ ಆರು ಸಿಲಿಂಡರುಗಳಿಗೆ ಒಂದೇ ದೊಡ್ಡ ಟರ್ಬೊ ಇತ್ತು. 1979ರಲ್ಲಿ ಅದನ್ನು ತೆಗೆದು, ಮೂರು ಮೂರು ಸಿಲಿಂಡರುಗಳಿಗೆ ಒಂದರಂತೆ ಎರಡು ಚಿಕ್ಕ ಟರ್ಬೊ ಹಾಕಿದರು. ಆ ಜುಲೈನಲ್ಲೇ ಡಿಜೋನ್‌ನಲ್ಲಿ ಝಾಂ-ಪಿಯೆರ್ ಜಬೂಯಿ ಗೆದ್ದ. ಫಾರ್ಮುಲಾ ಒನ್‌ನಲ್ಲಿ ಟರ್ಬೊ ಕಾರಿನ ಮೊದಲ ಗೆಲುವು ಅದು.

ಎರಡು ಚಿಕ್ಕವು ಒಂದು ದೊಡ್ಡದಕ್ಕಿಂತ ಹೇಗೆ ಮೇಲು? ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಪ್ರತಿ ಚಕ್ರಕ್ಕೂ ಅರ್ಧ ಹೊಗೆ, ಆದ್ದರಿಂದ ಅರ್ಧ ವಿಸ್ತೀರ್ಣ ಸಾಕು. ಎಂದರೆ ವ್ಯಾಸ ಮೊದಲಿನ 0.7ರಷ್ಟು. ಒಂದೇ ಆಕಾರದ ಚಕ್ರಗಳಲ್ಲಿ ತಿರುಗುವ ಜಡತ್ವ ವ್ಯಾಸದ ಐದನೇ ಘಾತದಂತೆ ಬದಲಾಗುತ್ತದೆ: ತೂಕದಿಂದ ಮೂರು ಘಾತ, ಅಂಚಿನ ದೂರದಿಂದ ಎರಡು. 0.7ರ ಐದನೇ ಘಾತ 0.17, ಸುಮಾರು ಆರನೇ ಒಂದು ಭಾಗ! ಜಾಣ ಹುಡುಗರು ಇಲ್ಲಿಗೇ ಪೆನ್ಸಿಲ್ ಕೆಳಗಿಡುತ್ತಾರೆ. ಆದರೆ ಗಾಳಿಯನ್ನು ಮೊದಲಿನಷ್ಟೇ ಒತ್ತಬೇಕಾದರೆ ಅಂಚಿನ ವೇಗ ಅಷ್ಟೇ ಇರಬೇಕು. ಚಿಕ್ಕ ಚಕ್ರ 1.4 ಪಟ್ಟು ಹೆಚ್ಚು ಸುತ್ತಬೇಕು. ಚಲನಶಕ್ತಿಯಲ್ಲಿ ವೇಗದ ವರ್ಗ ಬರುವುದರಿಂದ ಆರನೇ ಒಂದು ಭಾಗ ಮೂರನೇ ಒಂದಾಗುತ್ತದೆ. ಎರಡು ಚಕ್ರಕ್ಕೆ ಸೇರಿ ಮೂರನೇ ಎರಡು. ಅಷ್ಟೇ ಹೊಗೆಯಿಂದ ಮೊದಲು ಮೂರು ಕ್ಷಣ ಹಿಡಿದದ್ದು ಈಗ ಎರಡು ಕ್ಷಣದಲ್ಲಿ ಮುಗಿದೀತು. ಪವಾಡವಲ್ಲ, ಆದರೆ ಪಂದ್ಯದಲ್ಲಿ ಅದೇ ಬಹಳ.

ಚಿಕ್ಕ ಚಕ್ರಕ್ಕೂ ಒಂದು ದೋಷವಿದೆ. ಎಂಜಿನ್ ಭರದಿಂದ ಓಡುವಾಗ ಹೊಗೆ ಅದರಲ್ಲಿ ಸಿಕ್ಕಿ ಉಸಿರು ಕಟ್ಟುತ್ತದೆ. ಆದ್ದರಿಂದ ಹೆಚ್ಚಾದ ಹೊಗೆಯನ್ನು ಪಕ್ಕದಿಂದ ಬಿಡುವ ಕವಾಟ ಬೇಕಾಗುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ ಎಪ್ಪತ್ತರ ದಶಕದ ಕೊನೆಗೆ ಈ ಜೋಡಿಯಿಂದಲೇ ಟರ್ಬೊವನ್ನು ದಿನಬಳಕೆಯ ಕಾರಿಗೆ ಒಗ್ಗಿಸಿತು. ಇನ್ನೂ ಚೆಂದದ ಉಪಾಯ ತೋಟಕ್ಕೆ ನೀರು ಬಿಡುವವರಿಗೆಲ್ಲ ಗೊತ್ತಿರುವಂಥದು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಅದೇ ನೀರು ದೂರಕ್ಕೆ ಚಿಮ್ಮುವುದಿಲ್ಲವೆ? ಟರ್ಬೈನಿನ ಸುತ್ತ ಪುಟ್ಟ ರೆಕ್ಕೆಗಳನ್ನಿಟ್ಟು, ಹೊಗೆ ಕಡಿಮೆಯಿದ್ದಾಗ ದಾರಿ ಕಿರಿದು ಮಾಡುತ್ತಾರೆ, ಹೆಚ್ಚಿದಾಗ ಅಗಲಿಸುತ್ತಾರೆ. ಡೀಸೆಲ್ ಕಾರುಗಳಲ್ಲಿ ಇದು ಬಹು ಬೇಗ ಹರಡಿತು. ಪೆಟ್ರೋಲಿನ ಹೊಗೆ ಇನ್ನೂ ಬಿಸಿಯಾದ್ದರಿಂದ ತಾಳಿಕೊಳ್ಳುವ ಲೋಹ ಬೇಕಾಯಿತು. ಪೋರ್ಶೆ ಕಂಪನಿ ತನ್ನ 911 ಟರ್ಬೊದಲ್ಲಿ ಇದನ್ನು ಅಳವಡಿಸಿದ್ದು 2006ರಲ್ಲಿ.

ಹೊಗೆಗೆ ಕಾಯುವುದೇ ಬೇಡ ಎಂದವರೂ ಇದ್ದಾರೆ. 2016ರಲ್ಲಿ ಆಡಿ ಕಂಪನಿ ಎಸ್‌ಕ್ಯೂ7 ಕಾರಿಗೆ ವಿದ್ಯುತ್ ಮೋಟಾರಿನಿಂದ ತಿರುಗುವ ಗಾಳಿಯಂತ್ರ ಜೋಡಿಸಿತು. ಅದು ಕಾಲು ಸೆಕೆಂಡಿನಲ್ಲಿ ಪೂರ್ಣ ವೇಗ ಹಿಡಿಯುತ್ತದೆ. ಅದೇ ವರ್ಷ ವೋಲ್ವೊದವರು ಎರಡು ಲೀಟರಿನ ಡಬ್ಬಿಯಲ್ಲಿ ಒತ್ತಿಟ್ಟ ಗಾಳಿಯನ್ನು ಹೊಗೆಯ ದಾರಿಗೆ ಊದಿ ಚಕ್ರವನ್ನು ಎಬ್ಬಿಸಿದರು. ರ್‍ಯಾಲಿ ಕಾರುಗಳಲ್ಲಿ ಇಂಧನವನ್ನು ಹೊಗೆ ಕೊಳವೆಯಲ್ಲೇ ಉರಿಸಿ ಟರ್ಬೊ ತಿರುಗಿಸುವುದುಂಟು. ಆ ಢಂ ಢಂ ಸದ್ದಿಗೆ ಮರುಳಾದ ಹುಡುಗರು ಮನೆಯ ಕಾರಿನಲ್ಲಿ ಅದನ್ನು ಪ್ರಯತ್ನಿಸಬಾರದು. ಟರ್ಬೊ ಸುಟ್ಟು ಹೋಗುತ್ತದೆ.

ಘಾಟಿಯ ಚಾಲಕನಿಗೆ ಖರ್ಚಿಲ್ಲದ ಉಪಾಯ ಬೇರೆಯೇ ಇದೆ. ಲಾರಿಯನ್ನು ಹಿಂದೆ ಹಾಕುವ ಮೊದಲೇ ಮೂರರಿಂದ ಎರಡನೇ ಗೇರಿಗೆ ಇಳಿಸುವುದು. ಎಂಜಿನ್ 1500 ಸುತ್ತಿನಿಂದ ಸುಮಾರು 2200ಕ್ಕೆ ಏರುತ್ತದೆ, ಹೊಗೆ ಹೆಚ್ಚುತ್ತದೆ, ಟರ್ಬೊ ಎಚ್ಚರವಾಗಿರುತ್ತದೆ. ಮುಂದಿನ ಸಲ ಪಕ್ಕದ ಸೀಟಿನಲ್ಲಿ ಕೂತಾಗ ಸುತ್ತು ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟಿರಿ. ಬೆನ್ನಿಗೆ ಆ ನೂಕು ತಗಲುವಾಗ ಅದು ಯಾವ ಅಂಕಿಯ ಬಳಿ ಇತ್ತು ಎಂದು ಬರೆದಿಡಿ.